ಕನ್ನಡ ಹಾಕುವ ಮೊದಲು

ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ಜನಕ್ಕೆ ಸಾಮಾನ್ಯವಾಗಿ ಆಸ್ಪತ್ರೆ ನೆನಪಾಗುತ್ತದೆ, ಇಲ್ಲವೇ ಬಸ್ ಸ್ಟ್ಯಾಂಡಿನ ಶೌಚಾಲಯ. ನನಗೆ ಲಲಿತಕ್ಕನ ಕಂಪ್ಯೂಟರ್ ನೆನಪಾಗುತ್ತದೆ. ಹೋದ ವಾರ ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನಲ್ಲಿ ಪರೀಕ್ಷೆಗೆ ಮುಂಚೆ ಕೊಠಡಿಗಳನ್ನೆಲ್ಲ ತೊಳೆಸಿದರು. ಬಕೆಟ್ಟಿನಲ್ಲಿ ಬಿಳಿ ಪುಡಿ ಕಲಸಿ ನೆಲಕ್ಕೆ ಚೆಲ್ಲಿದ್ದೇ ತಡ, ಮೂಗಿಗೆ ಘಾಟು ಹೊಡೆದು ಕಣ್ಣಲ್ಲಿ ನೀರು ಬಂತು. ಜೊತೆಯವರು “ಮೇಡಂಗೆ ಅಲರ್ಜಿ” ಎಂದರು. ನಾನೂ ಹೂಂ ಎಂದುಬಿಟ್ಟೆ. ಎಷ್ಟೋ ವರ್ಷದ ಹಿಂದಿನ ಒಂದು ಮಳೆಗಾಲವನ್ನು ಕಾರಿಡಾರಿನಲ್ಲಿ ನಿಂತುಕೊಂಡು ಯಾರಿಗೆ ವಿವರಿಸಲಿ?

ಆ ವರ್ಷ ನಾನು ಶಿಡ್ಲಘಟ್ಟದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಎನ್ನುವುದು ಹೆಸರಿಗೆ ಮಾತ್ರ. ಊಟಕ್ಕಿರಲಿ, ಕಾಫಿಗೆ ಕರೆದವರೂ ಇರಲಿಲ್ಲ. ಗೌರಿಬಿದನೂರಿನ ನಮ್ಮ ಮನೆಯಿಂದ ದಿನಾ ಓಡಾಡುವುದು ಆಗದ ಮಾತೆಂದು ಊರಂಚಿನಲ್ಲಿ ಒಂದು ರೂಮು ಹಿಡಿದಿದ್ದೆ. ಅಲ್ಲಿಂದ ಎರಡು ಮನೆ ಆಚೆಗೆ ಲಲಿತಕ್ಕನ ಮನೆ. ಅವರು ಅದೇ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದರು, ನನಗಿಂತ ಬಹಳ ದೊಡ್ಡವರು. ಮೊದಮೊದಲು ಲಲಿತಾ ಮೇಡಂ ಎನ್ನುತ್ತಿದ್ದೆ. ಒಂದು ದಿನ ಅವರೇ ಮನೆಗೆ ಕರೆದುಕೊಂಡು ಹೋಗಿ, “ಇಲ್ಲಿ ಮೇಡಂ ಗೀಡಂ ಅನ್ಬೇಡ ಕಣೇ ಮಂಜುಳಾ, ನಮ್ಮಮ್ಮ ಹೆದರ್ಕೊಂಬಿಡ್ತಾರೆ, ಯಾರೋ ಆಫೀಸರ್ ಬಂದ್ರು ಅಂತ” ಎಂದು ನಕ್ಕರು. ಅಂದಿನಿಂದ ಅಕ್ಕ ಎನ್ನತೊಡಗಿದೆ.

ಆ ಮನೆಯಲ್ಲಿದ್ದವರು ಲಲಿತಕ್ಕ, ಅವರ ತಾಯಿ ನಾರಾಯಣಮ್ಮ, ತಮ್ಮ ಮುನಿರಾಜಣ್ಣ, ಅವರ ಹೆಂಡತಿ, ಆಗಷ್ಟೇ ಹೆಸರಿಟ್ಟಿದ್ದ ಒಂದು ಹೆಣ್ಣುಕೂಸು. ನಡುಮನೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಬಟ್ಟೆ ಹೊದಿಸಿದ ಕಂಪ್ಯೂಟರ್. ಹಿತ್ತಿಲ ಕಡೆ ಮುನಿರಾಜಣ್ಣನ ಹುಳದ ಮನೆ. ಅವರಿಗೆ ಹಿಪ್ಪುನೇರಳೆ ತೋಟ ಸ್ವಲ್ಪ ಇತ್ತು, ರೇಷ್ಮೆ ಹುಳ ಸಾಕುತ್ತಿದ್ದರು. ಪಿಯುಸಿವರೆಗೆ ಓದಿದವರು, ಮಾತು ಕಡಿಮೆ. ಅವರು ಕೈಗೂಸಾಗಿದ್ದಾಗಲೇ ತಂದೆ ತೀರಿಕೊಂಡಿದ್ದರಂತೆ. ಆ ಮನುಷ್ಯ ಎಂಥವರು, ಏನಾಯಿತು ಎಂದು ನಾರಾಯಣಮ್ಮ ಮಕ್ಕಳೆದುರು ಬಾಯಿ ಬಿಟ್ಟವರೇ ಅಲ್ಲ. ಮನೆಯಲ್ಲಿ ಅವರದೊಂದು ಫೋಟೋ ಕೂಡ ಇರಲಿಲ್ಲ. ಕೇಳಿದರೆ ಎದ್ದು ಹೋಗಿಬಿಡುತ್ತಿದ್ದರಂತೆ, ಅದಕ್ಕೇ ಮಕ್ಕಳು ಕೇಳುವುದನ್ನೇ ಬಿಟ್ಟಿದ್ದರು.

ಮೊಮ್ಮಗಳು ಹುಟ್ಟಿದ ಮೇಲೆ ಆ ಅಮ್ಮನಿಗೆ ಏನನ್ನಿಸಿತೋ, ಆ ಮಳೆಗಾಲದ ಆರಂಭದಲ್ಲಿ ತಾವಾಗಿಯೇ ಮಗಳನ್ನು ಕರೆದು, “ನಾನು ಹೇಳ್ತೀನಿ, ಬರ್ಕೋ” ಎಂದರು. ಸಂಜೆ ಕರೆಂಟು ಇದ್ದ ಹೊತ್ತಿಗೆ ಗೋಡೆಗೆ ಒರಗಿ ಕಾಲು ಚಾಚಿ ಕೂತು ಹೇಳುತ್ತಾ ಹೋಗುವುದು, ಲಲಿತಕ್ಕ ಕಂಪ್ಯೂಟರಿನ ಮುಂದೆ ಕೂತು ಟೈಪ್ ಮಾಡುತ್ತಾ ಹೋಗುವುದು. ಅವರ ಮನೆಮಾತು ತೆಲುಗು. ಅಮ್ಮ ಹೇಳಿದ ತೆಲುಗು ಹಾಗೇ ಕನ್ನಡ ಅಕ್ಷರದಲ್ಲಿ ಇಳಿಯುತ್ತಿತ್ತು. ಕನ್ನಡಕ್ಕೆ ಮಾಡುವುದು ಆಮೇಲಿನ ಮಾತು, ಮೊದಲು ಅಮ್ಮನ ಬಾಯಿಂದ ಬಂದದ್ದು ಬಂದಂತೆ ಇರಲಿ ಎನ್ನುವುದು ಲಲಿತಕ್ಕನ ಹಟ. ಆ ಹೊತ್ತಿನಲ್ಲಿ ಮುನಿರಾಜಣ್ಣ ಹುಳದ ಮನೆಯಿಂದ ಬರುತ್ತಲೇ ಇರಲಿಲ್ಲ. ಮಗ ಎದುರಿಗಿದ್ದರೆ ಅಮ್ಮ ಮಾತು ನಿಲ್ಲಿಸುತ್ತಾರೆಂದು ಅವರಿಗೂ ಗೊತ್ತಿತ್ತು.

ನನಗೂ ತೆಲುಗು ತಿಳಿಯುತ್ತಿತ್ತು, ಓದುವ ಚಪಲ ಬೇರೆ. “ಸ್ವಲ್ಪ ಕೊಡಿ ಅಕ್ಕ, ಓದ್ತೀನಿ” ಎಂದು ಕಾಡಿದೆ. ಲಲಿತಕ್ಕ ಮೊದಲ ಭಾಗದ ಎರಡು ಪುಟ ಪೆನ್ ಡ್ರೈವಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದುಕೊಟ್ಟರು. ನಾರಾಯಣಮ್ಮ ಚಿಕ್ಕ ಹುಡುಗಿಯಾಗಿದ್ದಾಗಲೇ ರೇಷ್ಮೆ ನೂಲು ತೆಗೆಯುವ ಶೆಡ್ಡಿಗೆ ಕೂಲಿಗೆ ಹೋಗುತ್ತಿದ್ದ ಕಾಲದ ಮಾತು ಅದರಲ್ಲಿತ್ತು. ಕುದಿಯುವ ನೀರಿನಲ್ಲಿ ಗೂಡು ಕೆದಕಿ ಎಳೆ ಹಿಡಿದು ಬೆರಳೆಲ್ಲ ಜಡ್ಡುಗಟ್ಟಿ, ಅನ್ನ ಕಲಸಿದರೆ ಬಿಸಿಯೋ ತಣ್ಣಗಿದೆಯೋ ಗೊತ್ತಾಗುತ್ತಿರಲಿಲ್ಲವಂತೆ. ಅದಕ್ಕೇ ತಂಗಿಯ ಬಾಯಿಗೆ ತುತ್ತು ಇಡುವ ಮುಂಚೆ ತಮ್ಮ ತುಟಿಗೆ ತಾಗಿಸಿ ನೋಡುತ್ತಿದ್ದರಂತೆ. ಅಷ್ಟು ಓದಿ ನಾನು ಅತ್ತುಬಿಟ್ಟೆ. ಉಳಿದದ್ದನ್ನೂ ಕೊಡಿ ಎಂದು ಇನ್ನಷ್ಟು ಪೀಡಿಸಿದೆ. ಲಲಿತಕ್ಕ, “ತಡಿಯೇ, ಈಗ ಅಪ್ಪನ ವಿಷಯಕ್ಕೆ ಬಂದಿದಾರೆ. ಮುಗೀಲಿ” ಎಂದರು.

ಆ ಪೆನ್ ಡ್ರೈವಿನಲ್ಲೇ ವೈರಸ್ ಮನೆಗೆ ಬಂತು. ಆ ಕಾಲದಲ್ಲಿ ಜೆರಾಕ್ಸ್ ಅಂಗಡಿಗೆ ಹೋದ ಪೆನ್ ಡ್ರೈವ್ ಬರಿಗೈಲಿ ವಾಪಸ್ ಬಂದದ್ದುಂಟೇ? ಮೊದಲು ಕಂಪ್ಯೂಟರ್ ನಿಧಾನವಾಯಿತು. ಆಮೇಲೆ ಯಾವ ಪ್ರೋಗ್ರಾಂ ಒತ್ತಿದರೂ ತೆರೆದ ಹಾಗೆ ಮಾಡಿ ಮುಚ್ಚಿಕೊಳ್ಳತೊಡಗಿತು. ಆಂಟಿವೈರಸ್ಸಂತೂ ಮಾತೇ ಆಡಲಿಲ್ಲ. ಪುಣ್ಯಕ್ಕೆ ಆ ಹೊತ್ತಿಗೆ ಅಮ್ಮನ ಮಾತು ಮುಗಿದಿತ್ತು. ಕೊನೆಯ ಸಂಜೆ ನಾರಾಯಣಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಅಬ್ಬ, ಇಳಿಸ್ದೆ ಕಣಮ್ಮ” ಎಂದು ಹೋಗಿ ಮಲಗಿದರಂತೆ. ಲಲಿತಕ್ಕ ಅದನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ಎಂಥ ಸಮಾಧಾನವಿತ್ತು! ಇನ್ನು ಕನ್ನಡಕ್ಕೆ ಮಾಡುವುದು, ಬಿಡುವಾಗಿ ತಿದ್ದುವುದು, ಅಷ್ಟೇ ಎಂದುಕೊಂಡಿದ್ದರು.

ಕಂಪ್ಯೂಟರನ್ನು ಅಂಗಡಿಗೆ ಕೊಟ್ಟರು. ಅಂಗಡಿಯವರು ಫಾರ್ಮ್ಯಾಟ್ ಹೊಡೆದು ಕೊಟ್ಟರು. ಮನೆಗೆ ತಂದ ಸಂಜೆಯೇ ಮತ್ತೆ ಅದೇ ರೋಗ. ಮತ್ತೆ ಕೊಟ್ಟರು, ಮತ್ತೆ ಹೊಡೆದರು, ಮತ್ತೆ ಅದೇ. ಅಂಗಡಿಯವರು ಡಿಸ್ಕೇ ಹೋಗಿದೆ, ಹೊಸದು ಹಾಕಿಸಿ ಎಂದಾಗ ಲಲಿತಕ್ಕ ನನ್ನ ಹತ್ತಿರ ಬಂದರು.

ಈ ನಡುವೆ ಹಿತ್ತಿಲಲ್ಲಿ ಇನ್ನೊಂದು ಅನಾಹುತ ನಡೆದಿತ್ತು. ನಮ್ಮ ಕಡೆಯ ಮಳೆಗಾಲದಲ್ಲಿ ಮಳೆಗಿಂತ ಮೋಡವೇ ಜಾಸ್ತಿ. ಆ ವರ್ಷ ಬಿಸಿಲು ಕಾಣದೆ ಗೋಡೆಗಳೆಲ್ಲ ಬೆವರುತ್ತಿದ್ದವು. ಸೊಪ್ಪಿನ ಮೇಲಿನ ನೀರು ಆರುತ್ತಲೇ ಇರಲಿಲ್ಲ. ಅಂಥ ಹವೆಗೆ ಹುಳಗಳಿಗೆ ಹಾಲು ರೋಗ ತಗುಲಿಕೊಳ್ಳುತ್ತದೆ. ರೋಗ ಬಂದ ಹುಳ ಊದಿಕೊಂಡು, ಚರ್ಮ ಒಡೆದು, ಹಾಲಿನಂಥ ನೀರು ಸುರಿಸುತ್ತಾ ಚೆನ್ನಾಗಿರುವ ಹುಳಗಳ ಮೇಲೆಲ್ಲ ಹರಿದಾಡುತ್ತದೆ. ಮುನಿರಾಜಣ್ಣ ಮೊದಲು ಒಂದು ಮೂಲೆಯಲ್ಲಿ ನಾಲ್ಕಾರು ಹುಳ ನೋಡಿದರು. ಅವನ್ನಷ್ಟೇ ಆರಿಸಿ ತೆಗೆದರು. ಪಕ್ಕದವು ನೋಡಲು ಚೆನ್ನಾಗಿದ್ದವು, ಬಿಸಾಕಲು ಮನಸ್ಸು ಬರಲಿಲ್ಲ, ಉಳಿದಾವು ಎಂದು ಕಾದರು. ಗೂಡು ಕಟ್ಟುವ ಹೊತ್ತಿಗೆ ಇಡೀ ಬೆಳೆ ಹೋಯಿತು. ಎಲ್ಲವನ್ನೂ ಗುಂಡಿಗೆ ಹಾಕಿ ಸುಣ್ಣ ಸುರಿದು ಮುಚ್ಚಿದರು. ಹುಳದ ಮನೆಯನ್ನೂ ತಟ್ಟೆಗಳನ್ನೂ ಬ್ಲೀಚಿಂಗ್ ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದರು. ಆ ಘಾಟು ನಡುಮನೆವರೆಗೂ ಬರುತ್ತಿತ್ತು. “ಮೊದಲ್ನೇ ದಿನಾನೇ ಪೂರ್ತಿ ಎತ್ತಿ ಬಿಸಾಕಿದ್ದಿದ್ರೆ ಅರ್ಧ ಬೆಳೆನಾದ್ರೂ ಕೈಗೆ ಸಿಕ್ತಿತ್ತು. ಕನಿಕರ ಮಾಡ್ಬುಟ್ಟೆ” ಎಂದು ಬಂದವರಿಗೆಲ್ಲ ಹೇಳಿಕೊಂಡು ಕೊರಗುತ್ತಿದ್ದರು. ಆ ಮಾತನ್ನು ನಾನೂ ಎಷ್ಟೋ ಸಲ ಕೇಳಿಸಿಕೊಂಡೆ. ಅದು ಮುಂದೆ ಎಲ್ಲಿಗೆ ಮುಟ್ಟುತ್ತದೆಂದು ನನಗಾದರೂ ಹೇಗೆ ತಿಳಿಯಬೇಕು?

ಒಂದು ಭಾನುವಾರ ಕಂಪ್ಯೂಟರಿನ ಮುಂದೆ ಕೂತೆ. ರೋಗ ಯಾವುದೆಂದು ಬಹಳ ಹೊತ್ತು ಹುಡುಕಬೇಕಾಗಲಿಲ್ಲ. ಕೆಲವು ವೈರಸ್ಸುಗಳು ಬೇರೆಯಾಗಿ ಒಂದು ಫೈಲಿನ ರೂಪದಲ್ಲಿ ಕೂತಿರುತ್ತವೆ, ಅವನ್ನು ಹಿಡಿದು ಅಳಿಸಿದರೆ ಮುಗಿಯಿತು. ಇದು ಹಾಗಲ್ಲ, ಇರುವ ಪ್ರೋಗ್ರಾಂ ಫೈಲುಗಳ ಒಳಕ್ಕೇ ಹೊಕ್ಕುಬಿಡುವ ಜಾತಿ. ಹೊರಗಿನಿಂದ ಹೆಸರೂ ಚಿತ್ರವೂ ಹಳೆಯದೇ, ಒಳಗೆ ಮಾತ್ರ ಬೇರೆಯವನು ಸೇರಿಕೊಂಡಿರುತ್ತಾನೆ. ಆ ಫೈಲನ್ನು ಒತ್ತಿದ ಕ್ಷಣ ಎದ್ದು ಮಿಕ್ಕ ಪ್ರೋಗ್ರಾಂಗಳಿಗೆಲ್ಲ ಹರಡುತ್ತಾನೆ. ನನಗೆ ಅರ್ಥವಾಗದೆ ಇದ್ದದ್ದು ಫಾರ್ಮ್ಯಾಟ್ ಆದ ಮೇಲೂ ಅವನು ಹೇಗೆ ಬರುತ್ತಿದ್ದಾನೆ ಎನ್ನುವುದು.

“ಅಕ್ಕ, ಅಂಗಡಿಯಿಂದ ತಂದ ತಕ್ಷಣ ಮೊದ್ಲು ಏನ್ ಮಾಡ್ತೀರ?” ಎಂದು ಕೇಳಿದೆ.

“ಏನ್ ಮಾಡ್ತೀನಿ, ಕನ್ನಡ ಹಾಕ್ಕೋತೀನಿ.”

“ಎಲ್ಲಿಂದ?”

“ಡಿ ಡ್ರೈವಿಂದ. ಯಾರೋ ಕೊಟ್ಟಿದ್ದು ಅಲ್ಲೇ ಜೋಪಾನವಾಗಿ ಇಟ್ಕೊಂಡಿದೀನಿ. ಮತ್ತೆ ಮತ್ತೆ ಯಾರನ್ನ ಕೇಳೋದು?”

ಅಲ್ಲಿಗೆ ಗುಟ್ಟು ರಟ್ಟಾಯಿತು. ಅಂಗಡಿಯವರು ಸಿ ಡ್ರೈವ್ ಮಾತ್ರ ಅಳಿಸುತ್ತಿದ್ದರು, ಡಿ ಡ್ರೈವಿನಲ್ಲಿ ಅಕ್ಕನ ಬರಹವಿದೆಯೆಂದು ಮುಟ್ಟುತ್ತಿರಲಿಲ್ಲ. ಆ ಡಿ ಡ್ರೈವಿನಲ್ಲೇ ಕನ್ನಡ ಟೈಪಿಂಗಿನ ಪ್ರೋಗ್ರಾಂ ಇತ್ತು, ಅದರೊಳಗೆ ವೈರಸ್ ಇತ್ತು. ಲಲಿತಕ್ಕ ಪ್ರತಿ ಸಲವೂ ಎಲ್ಲಕ್ಕಿಂತ ಮೊದಲು, ಆಸೆಯಿಂದ, ಅದನ್ನೇ ಒತ್ತುತ್ತಿದ್ದರು. ನಾನು ಹೇಳಿದಾಗ ಅವರು ಹಣೆ ಚಚ್ಚಿಕೊಂಡು ನಕ್ಕರು. “ನಮ್ಮ ಮನೆಗೆ ರೋಗ ಕನ್ನಡದಿಂದಾನೇ ಬರ್ತಾ ಇತ್ತು ಅನ್ನು. ಕ್ಲಾಸಲ್ಲಿ ಹೇಳ್ಬೇಡ ಕಣೇ, ಮಕ್ಕಳು ಆಡ್ಕೊಳ್ತಾರೆ.”

ಹಾಗಾದರೆ ಹೊಸದಾಗಿ ವಿಂಡೋಸ್ ಹಾಕುವುದಕ್ಕೆ ಮುಂಚೆ ಡಿ ಡ್ರೈವನ್ನು ಶುದ್ಧ ಮಾಡಬೇಕಿತ್ತು. ಡಿಸ್ಕಿನಲ್ಲಿದ್ದ ಯಾವ ಪ್ರೋಗ್ರಾಮೂ ಏಳದ ಹಾಗೆ, ಬೇರೆ ಕಡೆಯಿಂದ ತಂದ ಒಂದು ಶುದ್ಧ ಸಿ.ಡಿ.ಯಿಂದಲೇ ಕಂಪ್ಯೂಟರನ್ನು ಶುರು ಮಾಡಿ ಸ್ಕ್ಯಾನಿಗೆ ಬಿಟ್ಟೆ. ನಡುವೆ ಕರೆಂಟು ಹೋಗಿ, ಯುಪಿಎಸ್ ಕೂಗಿಕೊಂಡು, ಮೊದಲಿಂದ ಮತ್ತೆ ಶುರು ಮಾಡಿದ್ದೂ ಆಯಿತು. ನಾರಾಯಣಮ್ಮ ಆಗಾಗ ಬಂದು ಪರದೆಯ ಮೇಲೆ ಓಡುವ ಸಾಲುಗಳನ್ನು ನೋಡಿ, “ಅದೇನಮ್ಮ ಅಷ್ಟೊಂದು ಹುಡುಕ್ತೈತೆ?” ಎನ್ನುವರು. ವೈರಸ್ ಹೊಕ್ಕಿದ್ದ ಪ್ರೋಗ್ರಾಂಗಳನ್ನು ರಿಪೇರಿ ಮಾಡುವ ಗೋಜಿಗೆ ನಾನು ಹೋಗಲಿಲ್ಲ. ರಿಪೇರಿಯಾದ ಹಾಗೆ ಕಂಡದ್ದು ಪೂರ್ತಿ ವಾಸಿಯಾಗಿದೆ ಎನ್ನುವ ಭರವಸೆ ಇರುವುದಿಲ್ಲ. ಆಟ, ಟೈಪಿಂಗ್, ಹಾಡು ಕೇಳುವುದು, ಪ್ರೋಗ್ರಾಂ ಎಂದು ಹೆಸರಿದ್ದದ್ದನ್ನೆಲ್ಲ ಅಳಿಸಿದೆ. ಬರಹದ ಫೈಲುಗಳನ್ನೂ ಫೋಟೋಗಳನ್ನೂ ಮಾತ್ರ ಉಳಿಸಿದೆ, ಈ ವೈರಸ್ ಅವುಗಳೊಳಕ್ಕೆ ಹೋಗುವುದಿಲ್ಲ. ‘ಅಮ್ಮ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿದ್ದ ಫೋಲ್ಡರ್ ಒಂದು ಕೂದಲೂ ಕೊಂಕದೆ ಇತ್ತು. ಪೆನ್ ಡ್ರೈವಿನಲ್ಲಿ ನಾನು ಓದಿದ್ದ ಎರಡು ಪುಟ ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನೂ ಶುದ್ಧ ಮಾಡಿದೆ.

ಮುನಿರಾಜಣ್ಣ ತೋಟದಿಂದ ಬಂದು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. ಏನು ಮಾಡುತ್ತಿದ್ದೀರ ಎಂದು ಕೇಳಿದರು, ಹೇಳಿದೆ.

“ಓ, ನಮ್ಮ ಹಾಲು ರೋಗ ಇದ್ದಂಗೆ ಅನ್ನಿ ಮೇಡಂ.”

“ಹೂಂ ಅಣ್ಣ, ಹಂಗೇ.”

“ಆರ್ಸಿ ತೆಗೀತಾ ಕೂತ್ರೆ ಆಗಲ್ಲ. ಪೂರ್ತಿ ಎತ್ತಿ ಗುಂಡಿಗೆ ಹಾಕ್ಬೇಕು. ಒಂದು ಉಳುದ್ರೂ ಮತ್ತೆ ಬತ್ತದೆ.”

“ಅದೇ ಮಾಡ್ತಾ ಇದೀನಿ ನೋಡಿ” ಎಂದೆ. ಅವರ ಮುಖ ಎಷ್ಟೋ ದಿನದ ಮೇಲೆ ಅರಳಿತು. ತಮ್ಮ ಕಸುಬಿನ ಮಾತು ಕಂಪ್ಯೂಟರಿಗೂ ಸಲ್ಲುತ್ತದೆಂದು ಅವರಿಗೆ ಹೆಮ್ಮೆಯಾಗಿತ್ತು. ನನಗೂ ಖುಷಿಯಾಗಿತ್ತು. ಹೀಗೆ ಹೇಳಿದರೆ ವಿದ್ಯಾರ್ಥಿಗಳಿಗೂ ಚೆನ್ನಾಗಿ ತಿಳಿಯುತ್ತದೆ ಎಂದುಕೊಂಡೆ. ಆಮೇಲೆ ಯಾವತ್ತೂ ಆ ಉದಾಹರಣೆಯನ್ನು ತರಗತಿಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಕೊನೆಗೆ ಸಿ ಡ್ರೈವನ್ನು ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದೆ. ಕಂಪ್ಯೂಟರ್ ಹೊಸ ಮದುಮಗಳ ಹಾಗೆ ಚುರುಕಾಗಿ ಓಡಿತು. ಉಳಿದದ್ದು ಕನ್ನಡ ಹಾಕುವುದು. ಹಳೆಯದನ್ನು ಅಳಿಸಿಯಾಗಿತ್ತು, ಕಾಲೇಜಿನ ಕಂಪ್ಯೂಟರುಗಳಲ್ಲಿ ಇದ್ದದ್ದಕ್ಕೂ ಅದೇ ರೋಗ. ಗೌರಿ ಹಬ್ಬಕ್ಕೆ ಊರಿಗೆ ಹೊರಟಿದ್ದೆ. ಅಲ್ಲಿ ನನ್ನ ಕಂಪ್ಯೂಟರಿನಲ್ಲಿ ಒಳ್ಳೆಯ ಪ್ರತಿ ಇತ್ತು, ಅದನ್ನೇ ಸಿ.ಡಿ.ಗೆ ಹಾಕಿಕೊಂಡು ಬರುತ್ತೇನೆ ಎಂದೆ.

ಈಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ಈಗ ಯಾವ ಫೋನಿನಲ್ಲಿ ನೋಡಿದರೂ ಕನ್ನಡ ಕನ್ನಡದ ಹಾಗೇ ಕಾಣುತ್ತದೆ. ಆಗ ಹಾಗಿರಲಿಲ್ಲ. ಕನ್ನಡ ಹಾಕದ ಕಂಪ್ಯೂಟರಿನಲ್ಲಿ ಕನ್ನಡದ ಬರಹ ತೆರೆದರೆ ಕಾಣುತ್ತಿದ್ದದ್ದು ಅಸಂಬದ್ಧ ಗೀಚು: ಇಂಗ್ಲಿಷಿನ ಸಿ, ತಲೆಯ ಮೇಲೆ ಗೆರೆ ಹೊತ್ತ ಎ, ಚುಕ್ಕೆಗಳು, ಮಧ್ಯೆ ಮಧ್ಯೆ ಪೌಂಡಿನ ಗುರುತು. ಒಳಗೆ ಬರಹ ನೆಟ್ಟಗೇ ಇರುತ್ತಿತ್ತು. ತೋರಿಸಲು ಬೇಕಾದ ಅಕ್ಷರ ಕಂಪ್ಯೂಟರಿನ ಹತ್ತಿರ ಇಲ್ಲದೆ ಕೈಗೆ ಸಿಕ್ಕ ಗುರುತುಗಳನ್ನು ತೋರಿಸುತ್ತಿತ್ತು. ನಾನು ಹೊರಡುವಾಗ ಲಲಿತಕ್ಕನಿಗೆ ಬಿಡಿಸಿ ಹೇಳಿದೆ: “ಅಲ್ಲೀತನಕ ಅಮ್ಮನ ಫೈಲ್ ತೆಗೀಬೇಡಿ ಅಕ್ಕ. ತೆಗೆದ್ರೂ ಗಾಬರಿ ಆಗ್ಬೇಡಿ. ಹಾಳಾದಂಗೆ ಕಾಣ್ಸುತ್ತೆ, ಹಾಳಾಗಿರಲ್ಲ.” ಅಕ್ಕ, “ಗೊತ್ತಾಯ್ತು, ಹೋಗಿ ಬಾ, ಬಸ್ಸು ತಪ್ಪುತ್ತೆ” ಎಂದರು. ಮುನಿರಾಜಣ್ಣ ಆಗ ತೋಟದಲ್ಲಿದ್ದರು.

ಹಬ್ಬ ಮುಗಿಸಿ ನಾನು ಬಂದಾಗ ಲಲಿತಕ್ಕ ಇರಲಿಲ್ಲ. ಎರಡು ದಿನದ ತರಬೇತಿಯೆಂದು ಕಾಲೇಜಿನವರು ಚಿಂತಾಮಣಿಗೆ ಕಳಿಸಿದ್ದರು, ಸಂಜೆಗೆ ಬರುವವರಿದ್ದರು. ಕನ್ನಡ ಹಾಕಿ ಅವರು ಬರುವ ಹೊತ್ತಿಗೆ ಅಮ್ಮನ ಫೈಲು ತೆರೆದಿಟ್ಟಿರೋಣ ಎಂದು ಮನೆಗೆ ಹೋದೆ. ಮುನಿರಾಜಣ್ಣ ನನ್ನನ್ನು ಕಂಡವರೇ ಎದ್ದು ಬಂದರು.

“ಮೇಡಂ, ನೀವು ಅಷ್ಟು ತೊಳುದ್ರೂ ಇನ್ನೂ ಉಳ್ಕೊಂಡಿತ್ತು. ನಿನ್ನೆ ನೋಡ್ದೆ. ನಮ್ಮಕ್ಕನ ಫೋಲ್ಡರ್ ಪೂರ್ತಿ ಹೊಡ್ದಿತ್ತು. ಒಂದಕ್ಷರ ನೆಟ್ಟಗಿರ್ಲಿಲ್ಲ.”

“ಆಮೇಲೆ?” ಎಂದೆ.

“ಆಮೇಲೇನು, ಒಂದೂ ಬಿಡ್ಲಿಲ್ಲ. ಡಿಲೀಟ್ ಮಾಡಿ, ಆ ಕಸದ ಬುಟ್ಟಿನೂ ಖಾಲಿ ಮಾಡ್ಬುಟ್ಟೆ. ಈ ಸಲ ಕನಿಕರ ಮಾಡ್ಲಿಲ್ಲ. ಕಂಪ್ಯೂಟರ್ ಉಳೀತಲ್ಲ, ಅಕ್ಕಂಗೆ ಸಮಾಧಾನ ಹೇಳಣ.”

ಅವರ ಧ್ವನಿಯಲ್ಲಿ ಅಳುಕಿತ್ತು, ಆದರೆ ಸರಿಯಾದ ಕೆಲಸ ಮಾಡಿದವನ ಧೈರ್ಯವೂ ಇತ್ತು. ನಾನು ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತೆ. ಹೇಳಲೇಬೇಕಾಯಿತು. ಅದು ರೋಗವಲ್ಲ ಅಣ್ಣ, ಕನ್ನಡ ಹಾಕಿರಲಿಲ್ಲ, ಅಷ್ಟೇ, ಎಂದೆ. ಅವರು ಅರ್ಥವಾಗದೆ ನನ್ನ ಮುಖ ನೋಡಿದರು. ಕೈಯಲ್ಲಿದ್ದ ಸಿ.ಡಿ. ಹಾಕಿ ಕನ್ನಡ ಇನ್‌ಸ್ಟಾಲ್ ಮಾಡಿ, ನನ್ನ ಪೆನ್ ಡ್ರೈವಿನಲ್ಲಿದ್ದ ಒಂದು ಪಾಠದ ಫೈಲನ್ನು ತೆರೆದು ತೋರಿಸಿದೆ. ಮೊದಲು ಗೀಚು ಗೀಚಾಗಿ ಕಂಡದ್ದು, ಕನ್ನಡ ಅಕ್ಷರದ ಫಾಂಟನ್ನು ಆರಿಸಿದ ತಕ್ಷಣ ಮುತ್ತಿನಂಥ ಕನ್ನಡವಾಗಿ ನಿಂತಿತು. ಮುನಿರಾಜಣ್ಣ ಪರದೆಯ ಹತ್ತಿರಕ್ಕೆ ಬಗ್ಗಿದರು.

“ಹಂಗಾದ್ರೆ ನಮ್ಮಮ್ಮಂದು ಚೆನ್ನಾಗಿತ್ತಾ?”

“ಚೆನ್ನಾಗಿತ್ತು ಅಣ್ಣ.”

ಆಮೇಲೆ ಅವರೇ ಮೆಲ್ಲಗೆ ಹೇಳಿದರು. ಅಕ್ಕ ಮನೆಯಲ್ಲಿಲ್ಲ, ಅಮ್ಮ ಮಲಗಿದ್ದಾರೆ ಎಂದು ನೋಡಿಕೊಂಡು ಕಂಪ್ಯೂಟರ್ ಹಾಕಿದ್ದರಂತೆ. “ಅಪ್ಪನ್ ಬಗ್ಗೆ ಏನ್ ಹೇಳವ್ರೆ ಅಂತ ನೋಡಣ ಅಂತ ತೆಗ್ದೆ ಮೇಡಂ. ಯಾರ್ಗೂ ಗೊತ್ತಾಗ್ದಂಗೆ ಓದ್ಕಂಡು ಮುಚ್ಚಿಡಣ ಅಂತ.” ತಾಯಿ ಮಗನೆದುರು ಯಾವತ್ತೂ ಬಾಯಿಬಿಟ್ಟು ಹೇಳದ ತಂದೆಯನ್ನು ಓದಲು ಹೋಗಿ ಆ ಮನುಷ್ಯ ಗೀಚು ನೋಡಿದ್ದರು. ಒಂದೊಂದಾಗಿ ಎಲ್ಲ ಫೈಲುಗಳನ್ನೂ ತೆರೆದಿದ್ದರು, ಒಂದರಲ್ಲಾದರೂ ಒಂದು ಸಾಲು ಉಳಿದಿರಬಹುದು ಎಂದು. ಉಳಿದಿಲ್ಲವೆಂದು ಕಂಡಾಗ, ಬೆಳೆ ಹೋದ ನೋವು ಹಸಿಯಾಗಿದ್ದ ಹುಳ ಸಾಕುವ ಮನುಷ್ಯ ಮಾಡಬೇಕಾದದ್ದನ್ನೇ ಮಾಡಿದ್ದರು. ಅವರನ್ನು ಬೈಯುವುದಾದರೂ ಹೇಗೆ?

ಅಳಿಸಿದ್ದನ್ನು ಮರಳಿ ತೆಗೆಯುವ ಪ್ರೋಗ್ರಾಂಗಳಿವೆ. ಡಿಸ್ಕಿನ ಮೇಲೆ ಬೇರೇನನ್ನೂ ಬರೆಯದಿದ್ದರೆ ಬಹಳಷ್ಟು ಸಿಗುತ್ತದೆ. ಆಸೆಯಿಂದ ಕೂತೆ. ಆದರೆ ಅಳಿಸಿದ ಮೇಲೆ ಜಾಗ ಖಾಲಿಯಾಯಿತಲ್ಲ ಎಂದು ಮುನಿರಾಜಣ್ಣ ಕೂಸಿಗೆ ಹೆಸರಿಟ್ಟ ದಿನದ ವಿಡಿಯೋಗಳನ್ನೆಲ್ಲ ಡಿ ಡ್ರೈವಿಗೆ ತುಂಬಿಬಿಟ್ಟಿದ್ದರು. ಅಜ್ಜಿಯ ಮಾತಿದ್ದ ಜಾಗದಲ್ಲಿ ಮೊಮ್ಮಗಳ ಅಳು, ಬಳೆ ತೊಡಿಸುವುದು, ಊಟದ ಸಾಲು. ಫೈಲುಗಳ ಹೆಸರು ಮಾತ್ರ ಸಿಕ್ಕವು, ಒಳಗಿನದು ಸಿಗಲಿಲ್ಲ. ಒಂದೇ ಒಂದು ಫೈಲಿನಲ್ಲಿ ತುಂಡು ಸಾಲು ಬಂತು. ಅದಕ್ಕೆ ಕನ್ನಡದ ಅಕ್ಷರ ಹಾಕಿದಾಗ ‘ಆ ದಿನಮು ಮೀ ನಾಯನ’ ಎಂದು ಕಂಡಿತು. ಆ ದಿನ ನಿಮ್ಮಪ್ಪ ಎಂದು ಅದರ ಅರ್ಥ. ಅಲ್ಲಿಂದ ಮುಂದಕ್ಕೆ ಇದ್ದದ್ದು ನಿಜವಾದ ಗೀಚು, ಯಾವ ಅಕ್ಷರ ಹಾಕಿದರೂ ಓದಲು ಬರಲಿಲ್ಲ. ಮುನಿರಾಜಣ್ಣ ನನ್ನ ಬೆನ್ನ ಹಿಂದೆ ನಿಂತು ಆ ನಾಲ್ಕು ಪದಗಳನ್ನು ಗಟ್ಟಿಯಾಗಿ ಓದಿದರು. ಮತ್ತೆ ಓದಿದರು.

ಸಂಜೆ ಲಲಿತಕ್ಕ ಬಂದರು. ಮುನಿರಾಜಣ್ಣ ಹೇಳುವುದನ್ನೆಲ್ಲ ನಿಂತೇ ಕೇಳಿದರು. ಕೂಗಾಡಲಿಲ್ಲ. ಬ್ಯಾಗು ಕೆಳಗಿಟ್ಟು, ಒಳಗೆ ಹೋಗಿ ಮುಖ ತೊಳೆದು ಬಂದರು. ನಾನು ಸಮಾಧಾನಕ್ಕೆಂದು, “ನಿಮಗೆ ನೆನಪಿರುತ್ತಲ್ಲ ಅಕ್ಕ, ನೀವೇ ಟೈಪ್ ಮಾಡಿದ್ದಲ್ವ” ಎಂದೆ. ಅವರು ತಲೆಯಾಡಿಸಿದರು.

“ಟೈಪ್ ಮಾಡ್ತಾ ಇದ್ದಾಗ 'ಏನ್ ಹೇಳ್ತಿದಾರೆ' ಅಂತ ಕೇಳಿಸ್ಕೊಳ್ಳೋದೇ ಇಲ್ಲ ಮಂಜು. ಕಿವಿಯಿಂದ ಕೈಗೆ ಹೋಗುತ್ತೆ, ತಲೆಗೆ ಹೋಗಲ್ಲ. ಅಪ್ಪನ ವಿಷಯ ಬಂದಾಗಂತೂ ನಾನು ಬೇಕೂಂತಲೇ ಕೇಳಿಸ್ಕೊಳ್ಳಲಿಲ್ಲ. ಕೇಳಿಸ್ಕೊಂಡ್ರೆ ನಂಗೆ ಅಳು ಬಂದು, ಅಮ್ಮ ನಿಲ್ಲಿಸಿಬಿಡ್ತಾರೆ ಅಂತ. ಆಮೇಲೆ ಒಬ್ಬಳೇ ಕೂತು ಓದೋಣ ಅಂತಿದ್ದೆ.”

ಅಷ್ಟು ಹೇಳಿ ಅವರು ಅತ್ತರು. ನಾನೂ ಅತ್ತೆ. ಮುನಿರಾಜಣ್ಣ ಹಿತ್ತಿಲಿಗೆ ಹೋಗಿಬಿಟ್ಟರು. ಅವತ್ತೇ ಅಕ್ಕ ತಮ್ಮ ಇಬ್ಬರೂ ಒಂದು ತೀರ್ಮಾನ ಮಾಡಿದರು. ಅಮ್ಮನಿಗೆ ಈ ವಿಷಯ ತಿಳಿಸುವುದು ಬೇಡ. ಅಷ್ಟು ಕಷ್ಟಪಟ್ಟು ಇಳಿಸಿಟ್ಟ ಭಾರ ಇನ್ನೂ ಎಲ್ಲೋ ಜೋಪಾನವಾಗಿದೆ ಎಂದುಕೊಂಡೇ ಇರಲಿ. ಮತ್ತೊಮ್ಮೆ ಹೇಳಮ್ಮ ಎನ್ನುವ ಧೈರ್ಯ ಲಲಿತಕ್ಕನಿಗಿರಲಿಲ್ಲ. ಕಳೆದದ್ದು ಯಾರಿಂದ ಎಂದು ತಿಳಿದರೆ ಅಮ್ಮ ಮಗನನ್ನು ನೋಡುವ ನೋಟ ಬದಲಾದೀತು ಎನ್ನುವ ಭಯವೂ ಇತ್ತು. ನನಗೆ ಅದು ಸರಿಯೆನಿಸಲಿಲ್ಲ, ಆದರೆ ಹೊರಗಿನವಳು ನಾನೇನು ಹೇಳಲಿ? ಹೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆ ವರ್ಷ ಯಾರಾದರೂ ಕೇಳಿದ್ದರೆ ಆ ಅಮ್ಮ ಬೈದುಕೊಂಡಾದರೂ ಇನ್ನೊಮ್ಮೆ ಹೇಳುತ್ತಿದ್ದರೇನೋ. ಈಗ ನಾರಾಯಣಮ್ಮ ಇಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ ಆ ಎರಡು ಪುಟ ಲಲಿತಕ್ಕನ ಬೀರುವಿನಲ್ಲಿದೆ. ಅದರಲ್ಲಿ ಅವರ ಅಪ್ಪನ ಸುದ್ದಿಯೇ ಇಲ್ಲ, ಅವರಿನ್ನೂ ಆ ಕಥೆಯೊಳಕ್ಕೆ ಬಂದಿರಲಿಲ್ಲ.

ಆ ವರ್ಷದ ಮಳೆ ನಿಂತು ಚಳಿ ಬಿತ್ತು. ಮುನಿರಾಜಣ್ಣನ ಮುಂದಿನ ಬೆಳೆ ಚೆನ್ನಾಗಿ ಬಂತು, ಗೂಡು ಗಟ್ಟಿಯಾಗಿತ್ತು. ನನಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು. ಊರು ಬಿಡುವ ಮುಂಚೆ ಒಂದು ಮಧ್ಯಾಹ್ನ ಊಟಕ್ಕೆ ಕರೆದರು. ಹಿದುಕಿದ ಅವರೆಬೇಳೆ ಸಾರು, ಮುದ್ದೆ. ಕೂಸು ಅಜ್ಜಿಯ ತೊಡೆಯ ಮೇಲಿತ್ತು. ಎಲ್ಲರೂ ಸಂತೋಷವಾಗಿದ್ದರು, ಆ ಧೈರ್ಯದಲ್ಲೇ ಇರಬೇಕು, ಮುನಿರಾಜಣ್ಣ ತಟ್ಟೆ ನೋಡುತ್ತಾ, ಯಾವತ್ತೂ ಕೇಳದೆ ಇದ್ದದ್ದನ್ನು ಕೇಳಿದರು.

“ಅಮ್ಮ, ಅಪ್ಪ ಹೆಂಗಿದ್ರು?”

ಲಲಿತಕ್ಕನ ಕೈ ಸಾರಿನ ಪಾತ್ರೆಯ ಮೇಲೆ ನಿಂತಿತು. ನಾರಾಯಣಮ್ಮ ಎದ್ದು ಹೋಗಲಿಲ್ಲ. ಕೂಸಿನ ತಲೆ ಸವರುತ್ತಾ, ಬೇಸರವಿಲ್ಲದೆ, ಬಹಳ ಪ್ರೀತಿಯಿಂದಲೇ ಹೇಳಿದರು.

“ಎಲ್ಲಾ ಹೇಳಾಯ್ತಲ್ಲಪ್ಪ ನಿಮ್ಮಕ್ಕಂಗೆ. ಒಂದೂ ಮುಚ್ಚಿಡ್ಲಿಲ್ಲ. ನಿನಗೋಸ್ಕರಾನೇ ಹೇಳಿದ್ದು ಕಣಪ್ಪ, ಎದುರ್ಗೆ ಕೂತ್ಕಂಡು ಹೇಳಕ್ಕಾಗಲ್ಲ ಅಂತ. ಅವ್ಳು ಬರ್ದಿಟ್ಟವ್ಳೆ. ನೀನು ಓದಿದೋನು, ನಿಧಾನಕ್ಕೆ ಓದ್ಕೋ.”

“ಓದ್ತೀನಮ್ಮ” ಎಂದರು ಮುನಿರಾಜಣ್ಣ.